ಜಾತಕ ಪರೀಕ್ಷೆಯ ಯೋಜನೆ: ನಿಯಮಪತ್ರಕ್ಕೆ ಕೊನೆಗೂ ಸಹಿ ಬಿತ್ತು

ಈ ಸಲದ ವರದಿಯಲ್ಲಿ ಫಲಿತಾಂಶವಿಲ್ಲ. ಒಂದೇ ಒಂದು ಕುಂಡಲಿಯನ್ನೂ ಇನ್ನೂ ಯಾರ ಮುಂದೆಯೂ ಇಟ್ಟಿಲ್ಲ. ಆದರೂ ಯೋಜನೆ ಕೈಗೆತ್ತಿಕೊಂಡ ಮೇಲೆ ನಿಜವಾಗಿ ಮುಂದೆ ಹೋದದ್ದು ಈಗಲೇ. ಯಾವುದನ್ನು ಸರಿ ಎಂದು ಎಣಿಸಬೇಕು, ಯಾವುದನ್ನು ತಪ್ಪು ಎಂದು ಎಣಿಸಬೇಕು ಎಂಬುದನ್ನು ಮುಂಚಿತವಾಗಿ ಬರೆದು, ಜ್ಯೋತಿಷ ಬಲ್ಲ ನನ್ನ ದೊಡ್ಡಪ್ಪನೂ ನಾನೂ ಸಹಿ ಹಾಕಿದ್ದೇವೆ. ತಂತ್ರಾಂಶ ಬರೆಯಲು ಹಿಡಿದ ಸಮಯಕ್ಕಿಂತ ಈ ಎರಡು ಪುಟಗಳಿಗೆ ಹಿಡಿದ ಸಮಯವೇ ಹೆಚ್ಚು.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಜ್ಯೋತಿಷವನ್ನು ನಂಬುವವನಲ್ಲ. ದೊಡ್ಡಪ್ಪ ನಂಬುತ್ತಾರೆ, ಹಣಕ್ಕಾಗಿ ಹೇಳುವುದಿಲ್ಲ, ಲೆಕ್ಕದಲ್ಲಿ ನನಗಿಂತ ಚುರುಕು. ವಾದ ಮಾಡಿ ಇಬ್ಬರಿಗೂ ಬೇಸರ ಬಂದಿತ್ತು. ಆದ್ದರಿಂದ, ಜಾತಕ ನೋಡಿ ಹೇಳಿದ್ದು ಬರೀ ಊಹೆಗಿಂತ ಹೆಚ್ಚು ಸಲ ಸರಿಹೋಗುತ್ತದೆಯೇ ಎಂದು ನೋಡುವ ಈ ಪರೀಕ್ಷೆ.

ತಂತ್ರಾಂಶ

ಗ್ರಹಸ್ಫುಟದ, ಅಂದರೆ ಹುಟ್ಟಿದ ವೇಳೆಗೆ ಗ್ರಹಗಳು ಎಲ್ಲಿದ್ದವು ಎಂದು ಲೆಕ್ಕ ಹಾಕುವ ಭಾಗ ಮುಗಿದಿದೆ. ಅದಕ್ಕೆ ಸ್ವಿಸ್ ಎಫೆಮೆರಿಸ್ ಎಂಬ ಸಿದ್ಧ ತಂತ್ರಾಂಶವನ್ನು ಬಳಸಿಕೊಂಡಿದ್ದೇನೆ. ಗ್ರಹಗಳು ಎಲ್ಲಿವೆ ಎಂಬ ವಿಷಯದಲ್ಲಿ ನಂಬುವವರಿಗೂ ನಂಬದವರಿಗೂ ಜಗಳವೇ ಇಲ್ಲ. ಜಗಳ ಶುರುವಾಗುವುದು ಅಯನಾಂಶದಿಂದ. ವಿಷುವ ಬಿಂದು (ಮಾರ್ಚಿನಲ್ಲಿ ಹಗಲು ರಾತ್ರಿ ಸಮನಾದಾಗ ಸೂರ್ಯನಿರುವ ಜಾಗ) ವರ್ಷಕ್ಕೆ ಸುಮಾರು 50 ವಿಕಲೆಯಷ್ಟು (3600 ವಿಕಲೆಗೆ ಒಂದು ಡಿಗ್ರಿ) ಹಿಂದೆ ಸರಿಯುತ್ತದೆ. ಅದರಿಂದ ಆ ಬಿಂದುವಿನಿಂದ ಎಣಿಸುವ ಸಾಯನ ರಾಶಿಚಕ್ರಕ್ಕೂ ನಕ್ಷತ್ರಗಳನ್ನು ಹಿಡಿದು ಎಣಿಸುವ ನಿರಯನ ರಾಶಿಚಕ್ರಕ್ಕೂ ಈಗ ಸುಮಾರು 24 ಡಿಗ್ರಿ ಅಂತರವಿದೆ, ಅದೇ ಅಯನಾಂಶ. ನಿಖರವಾಗಿ ಎಷ್ಟು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಒಪ್ಪಿಕೊಂಡ ಅಯನಾಂಶವನ್ನು ಅದರ ಕಾರ್ಯದರ್ಶಿಯ ಹೆಸರಿನಿಂದ ಲಾಹಿರಿ ಎನ್ನುತ್ತಾರೆ. ಜ್ಯೋತಿಷಿ ಬಿ. ವಿ. ರಾಮನ್ ಅವರು ಬಳಸುತ್ತಿದ್ದದ್ದು ಬೇರೆ. ಇವೆರಡರ ನಡುವೆ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸವಿದೆ.

ಒಂದೂವರೆ ಡಿಗ್ರಿ ತಾನೇ ಎಂದುಕೊಳ್ಳಬೇಡಿ. ಬದುಕನ್ನು ಒಂದೊಂದು ಗ್ರಹದ ಅವಧಿಗಳಾಗಿ ಹಂಚುವ ವಿಂಶೋತ್ತರಿ ದಶೆಯ ಲೆಕ್ಕ ನಿಂತಿರುವುದು ಜನನಕಾಲದಲ್ಲಿ ಚಂದ್ರ ತನ್ನ ನಕ್ಷತ್ರದಲ್ಲಿ ಎಷ್ಟು ದೂರ ಸಾಗಿದ್ದಾನೆ ಎಂಬುದರ ಮೇಲೆ. ನಕ್ಷತ್ರದ ಉದ್ದ 13 ಡಿಗ್ರಿ 20 ಕಲೆ (60 ಕಲೆಗೆ ಒಂದು ಡಿಗ್ರಿ). ಶುಕ್ರದಶೆಯಲ್ಲಿ ಹುಟ್ಟಿದವರಿಗೆ ಆ ಉದ್ದಕ್ಕೆ 20 ವರ್ಷ ಹಂಚಿಕೆಯಾಗುತ್ತದೆ. ಅಂದರೆ ಅಯನಾಂಶ ಬದಲಾದರೆ ಜನ್ಮಶಿಷ್ಟವೂ (ಹುಟ್ಟಿದಾಗ ಆ ದಶೆಯಲ್ಲಿ ಉಳಿದಿದ್ದ ಕಾಲ), ಅದರ ಹಿಂದೆಯೇ ಮುಂದಿನ ದಶೆಗಳೆಲ್ಲವೂ ಎರಡು ವರ್ಷಕ್ಕೂ ಹೆಚ್ಚು ಆಚೀಚೆ ಸರಿಯುತ್ತವೆ. ಮದುವೆಯ ವರ್ಷ, ಕೆಲಸ ಹೋದ ವರ್ಷ ಎಂದು ದಶಾಭುಕ್ತಿ ಹಿಡಿದು ಹೇಳುವವರಿಗೆ ಇದು ಸಣ್ಣ ಮಾತಲ್ಲ. ಎರಡೂ ಪಂಥದವರು ತಮ್ಮ ಲೆಕ್ಕ ಕೂಡಿಬರುತ್ತದೆ ಎಂದು ಅಷ್ಟೇ ಭರವಸೆಯಿಂದ ಹೇಳುತ್ತಾರೆ. ನನ್ನನ್ನು ಕಾಡುವುದು ಈ ಭರವಸೆಯೇ. ದೊಡ್ಡಪ್ಪ ಲಾಹಿರಿ ಆಯ್ದುಕೊಂಡರು. ತಂತ್ರಾಂಶದಲ್ಲಿ ಬೇರೆ ಆಯ್ಕೆಯ ಗುಂಡಿಯನ್ನೇ ತೆಗೆದುಹಾಕಿದ್ದೇನೆ.

ದಾರಿಯಲ್ಲಿ ಸಿಕ್ಕ ಕುಜದೋಷ

ಇದು ಯೋಜನೆಯ ಭಾಗವಲ್ಲ, ಆದರೆ ಬಿಡಲು ಮನಸ್ಸಾಗಲಿಲ್ಲ. 1, 2, 4, 7, 8, 12ನೇ ಮನೆಗಳಲ್ಲಿ ಕುಜ, ಅಂದರೆ ಮಂಗಳ ಗ್ರಹ, ಇದ್ದರೆ ಮದುವೆಗೆ ದೋಷ. ಹನ್ನೆರಡರಲ್ಲಿ ಆರು ಮನೆ, ಅಂದರೆ ಲಗ್ನದಿಂದ (ಹುಟ್ಟಿದಾಗ ಪೂರ್ವದಲ್ಲಿ ಮೂಡುತ್ತಿದ್ದ ರಾಶಿಯಿಂದ) ಎಣಿಸಿದರೆ ಹುಟ್ಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ದೋಷವಿರುವವರೇ. ಹಲವರು ಲಗ್ನ, ಚಂದ್ರ, ಶುಕ್ರ ಮೂರರಿಂದಲೂ ಎಣಿಸುತ್ತಾರೆ. ಮೂರನ್ನೂ ಪರಸ್ಪರ ಸಂಬಂಧವಿಲ್ಲದವು ಎಂದು ಹಿಡಿದರೆ ಯಾವ ಎಣಿಕೆಯಲ್ಲೂ ದೋಷವಿಲ್ಲದವರು ಎಂಟರಲ್ಲಿ ಒಬ್ಬರು ಮಾತ್ರ. ತಂತ್ರಾಂಶಕ್ಕೆ ಯಾದೃಚ್ಛಿಕ ಜನನವೇಳೆಗಳನ್ನು ಕೊಟ್ಟು ನೋಡಿದೆ, ಹತ್ತಿರ ಹತ್ತಿರ ಅದೇ ಬಂತು.

ಇದನ್ನು ದೊಡ್ಡಪ್ಪನಿಗೆ ತೋರಿಸಿದಾಗ ಅವರು ಒಂದಿಷ್ಟೂ ವಿಚಲಿತರಾಗಲಿಲ್ಲ. ಸ್ವಕ್ಷೇತ್ರದಲ್ಲಿದ್ದರೆ ದೋಷವಿಲ್ಲ, ಉಚ್ಚದಲ್ಲಿದ್ದರೆ ಇಲ್ಲ, ಗುರುದೃಷ್ಟಿ ಇದ್ದರೆ ಇಲ್ಲ, ವಧೂವರರಿಬ್ಬರಿಗೂ ಇದ್ದರೆ ಪರಸ್ಪರ ಕಳೆದುಹೋಗುತ್ತದೆ ಎಂದು ಒಂದೊಂದಾಗಿ ಎಣಿಸಿದರು. ಎಲ್ಲವನ್ನೂ ತಂತ್ರಾಂಶಕ್ಕೆ ಸೇರಿಸಿದೆ. ಬಲೆಯನ್ನು ಎಲ್ಲರ ಮೇಲೂ ಬೀಸಿ, ಬೇಕಾದವರನ್ನು ಬಿಟ್ಟುಕೊಡುವಷ್ಟು ದೊಡ್ಡ ಕಣ್ಣುಗಳನ್ನೂ ಅದಕ್ಕೆ ಹೆಣೆದಂತಿದೆ. ನಿಯಮ ಸರಿಯೋ ತಪ್ಪೋ ಎಂದು ಕೇಳುವ ಮೊದಲು ಅದು ಯಾರ ವಿಷಯದಲ್ಲಿ ಏನನ್ನು ಅಲ್ಲಗಳೆಯುತ್ತದೆ ಎಂದು ಕೇಳಬೇಕು. ನಿಯಮಪತ್ರ ಇಷ್ಟು ಸತಾಯಿಸಿದ್ದು ಇದೇ ಕಾರಣಕ್ಕೆ.

ನಿಯಮಪತ್ರ

ಮಾದರಿಯಾಗಿ ಇಟ್ಟುಕೊಂಡದ್ದು 2008ರಲ್ಲಿ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ನಡೆಸಿದ ಪರೀಕ್ಷೆಯನ್ನು. ಓದಿನಲ್ಲಿ ಚುರುಕಾದ 100 ಮಕ್ಕಳದು, ಬುದ್ಧಿಮಾಂದ್ಯರಾದ 100 ಮಕ್ಕಳದು ಎಂದು 200 ಜಾತಕಗಳನ್ನು ಕಲೆಸಿ, ಒಬ್ಬೊಬ್ಬ ಜ್ಯೋತಿಷಿಗೆ 40ರಂತೆ ಕಳಿಸಿದರು. ಉತ್ತರ ಕೊಟ್ಟವರು 27 ಮಂದಿ. ಅವರ ಸರಾಸರಿ ಶೇ. 46. ನಾಣ್ಯ ಚಿಮ್ಮಿದ್ದರೆ ಶೇ. 50ರ ಆಸುಪಾಸು ಬರುತ್ತಿತ್ತು. 200 ಜಾತಕಗಳನ್ನೂ ತೆಗೆದುಕೊಂಡ ಒಂದು ಜ್ಯೋತಿಷ ಸಂಸ್ಥೆಗೆ ಸಿಕ್ಕಿದ್ದು 102 ಸರಿ ಉತ್ತರ.

ದೊಡ್ಡಪ್ಪ ಈ ಪರೀಕ್ಷೆಯನ್ನು ತಳ್ಳಿಹಾಕಲಿಲ್ಲ, ಆಕ್ಷೇಪ ಎತ್ತಿದರು. ಬುದ್ಧಿಮತ್ತೆಯ ಪ್ರಶ್ನೆ ಅವರ ಪ್ರಕಾರ ಜಾತಕಕ್ಕೆ ಸುಲಭದ್ದಲ್ಲ. ಸರಿ, ಸುಲಭದ ಪ್ರಶ್ನೆ ನೀವೇ ಆರಿಸಿ ಎಂದೆ. ಮೊದಲು ವೃತ್ತಿ ಎಂದರು. ಮರುವಾರ, ಈ ಕಾಲದ ವೃತ್ತಿಗಳಿಗೆ ಕಾರಕಗ್ರಹ ಹೇಳುವುದು ಕಷ್ಟ ಎಂದು ಹಿಂದೆಗೆದರು. ವಿವಾಹ ಎಂದರು, ಯಾವ ದೇಶದಲ್ಲಿ, ಯಾವ ಕಾಲದಲ್ಲಿ ಎಂಬುದರಿಂದ ಅದೂ ಕೆಡುತ್ತದೆ ಎಂದು ತಾವೇ ಕಂಡುಕೊಂಡರು. ವ್ಯಕ್ತಿಸ್ವಭಾವ ಮಾತ್ರ ಬೇಡವೆಂದು ನಾನು ಪಟ್ಟು ಹಿಡಿದೆ. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳೆಲ್ಲರಿಗೂ ಒಂದೇ ಸ್ವಭಾವವರ್ಣನೆಯನ್ನು, ಇದು ನಿನ್ನದು ಎಂದು ಹೇಳಿ ಹಂಚಿದ. ಐದಕ್ಕೆ ಸರಾಸರಿ 4.26 ಅಂಕ ಕೊಟ್ಟು ಅವರು ಅದನ್ನು ಒಪ್ಪಿಕೊಂಡರು. ಇನ್ನೊಂದು ಸಂಗತಿ ಅಷ್ಟೇ ಮುಖ್ಯ: ಶಾನ್ ಕಾರ್ಲ್‌ಸನ್ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜ್ಯೋತಿಷಿಗಳು ಒಂದು ಕುಂಡಲಿಗೆ ಹೊಂದುವ ಸ್ವಭಾವಪರೀಕ್ಷೆಯ ವರದಿಯನ್ನು ಮೂರರಲ್ಲಿ ಆರಿಸಲು ಸೋತದ್ದು ಎಲ್ಲರ ಬಾಯಲ್ಲಿದೆ, ಆದರೆ ಅದರಲ್ಲಿ ಭಾಗವಹಿಸಿದವರಿಗೆ ತಮ್ಮದೇ ಮನೋವೈಜ್ಞಾನಿಕ ಪರೀಕ್ಷೆಯ ವರದಿಯನ್ನು ಗುರುತಿಸುವುದೂ ಆಗಲಿಲ್ಲ. ಜನ ತಮ್ಮ ಬಗ್ಗೆ ಕೊಡುವ ಸಾಕ್ಷ್ಯದ ಮೇಲೆ ಕಟ್ಟಿದ ಪರೀಕ್ಷೆಯಿಂದ ಯಾವ ಪಕ್ಷಕ್ಕೂ ಉಪಯೋಗವಿಲ್ಲ.

ಕೊನೆಗೆ ದೊಡ್ಡಪ್ಪ ಆರಿಸಿದ್ದು ಆಯುಷ್ಯವನ್ನು. ಅಲ್ಪಾಯು, ಮಧ್ಯಾಯು, ಪೂರ್ಣಾಯು ಎಂಬ ವಿಂಗಡಣೆ ಶಾಸ್ತ್ರದಲ್ಲೇ ಇದೆ, ಆಯುಷ್ಯ ಹೇಳುವ ಅಷ್ಟಮ ಭಾವವೂ (ಎಂಟನೇ ಮನೆ) ಸಾವನ್ನು ಸೂಚಿಸುವ ಮಾರಕ ಸ್ಥಾನಗಳೂ ಇವೆ, ಅರ್ಥದಲ್ಲಿ ಜಗ್ಗಾಟವಿಲ್ಲ. ಬದುಕಿರುವವರ ಜಾತಕವನ್ನು ಮುಟ್ಟುವುದಿಲ್ಲ ಎಂಬುದು ಇಬ್ಬರದೂ ಷರತ್ತು. ಹೀಗೆ ಬರೆದುಕೊಂಡೆವು: ಪ್ರತಿ ಜೋಡಿಯಲ್ಲಿ ಒಬ್ಬರು 32 ತುಂಬುವ ಮೊದಲೇ ತೀರಿಕೊಂಡವರು, ಇನ್ನೊಬ್ಬರು 75 ದಾಟಿದವರು. ಯಾರು ಯಾರೆಂದು ಹೇಳಬೇಕು, ಅಷ್ಟೇ. 50 ಜೋಡಿ ಕೊಡುತ್ತೇವೆ, ಸ್ಪಷ್ಟವಿಲ್ಲ ಎನಿಸಿದ 10 ಜೋಡಿಗಳನ್ನು ಅವರು ಕಾರಣ ಹೇಳದೆ ಬಿಡಬಹುದು. ಉಳಿದ 40ರಲ್ಲಿ 28 ಸರಿಯಾದರೆ ಜ್ಯೋತಿಷದ ಪರ. ಬರೀ ಊಹೆಯಿಂದ ಅಷ್ಟು ಬರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ.

ಇಲ್ಲಿ ನ್ಯಾಯದ ಪ್ರಶ್ನೆಯೊಂದಿತ್ತು. ಜ್ಯೋತಿಷದಲ್ಲಿ ನಿಜವಾಗಿಯೂ ಸತ್ವವಿದ್ದು, ಅದು ಹತ್ತಕ್ಕೆ ಆರು ಸಲ ಮಾತ್ರ ಸರಿಹೋಗುವಂಥದ್ದಾದರೆ, 40 ಜೋಡಿಗಳ ಪರೀಕ್ಷೆ ಅದನ್ನು ಬಹುಪಾಲು ಸಲ ಗುರುತಿಸದೆ ಬಿಡುತ್ತದೆ. ಹತ್ತಕ್ಕೆ ಎಂಟು ಸಲ ಸರಿಹೋಗುವಂಥದ್ದಾದರೆ ಹೆಚ್ಚುಕಡಿಮೆ ಖಂಡಿತವಾಗಿ ಹಿಡಿಯುತ್ತದೆ. ಆದ್ದರಿಂದ ನಿಮ್ಮ ಅನುಭವದಲ್ಲಿ ಎಷ್ಟು ಎಂದು ಕೇಳಿದೆ. ಸ್ವಲ್ಪವೂ ಯೋಚಿಸದೆ ಎಂಟು ಎಂದರು. ಪತ್ರದಲ್ಲಿ ಅದನ್ನೂ ಬರೆಸಿದ್ದೇನೆ.

ನಂಬದವರ ಸಹಿ

ನಂಬುವವರು ಮಾತ್ರ ಜಾರಿಕೊಳ್ಳುತ್ತಾರೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಸರಿ ಉತ್ತರಗಳ ಲಕೋಟೆಗಳನ್ನು ಇಟ್ಟುಕೊಳ್ಳಲು ಒಪ್ಪಿದ ಗೆಳೆಯ ಕಟ್ಟಾ ವಿಚಾರವಾದಿ. 28 ಮುಟ್ಟಿದರೆ ಹೊಸ ಜಾತಕಗಳೊಂದಿಗೆ ಇನ್ನೂ ದೊಡ್ಡ ಪರೀಕ್ಷೆ ನಡೆಸುವುದು ಯೋಗ್ಯ ಎಂದು ಒಪ್ಪುತ್ತೇನೆ ಎಂಬ ಒಂದೇ ವಾಕ್ಯಕ್ಕೆ ಸಹಿ ಕೇಳಿದರೆ ಅವನು ಒಪ್ಪಲಿಲ್ಲ. ಮುಟ್ಟಿದರೆ ಎಲ್ಲೋ ಉತ್ತರದ ಸುಳಿವು ಸೋರಿಕೆಯಾಗಿದೆ ಎಂದೇ ಅರ್ಥ ಎಂದ. ಹಾಗಿದ್ದರೆ ಎಲ್ಲೆಲ್ಲಿ ಸೋರಬಹುದು ಎಂಬುದನ್ನು ಈಗಲೇ ಬರೆದುಕೊಡು, ಆಮೇಲೆ ಹೊಸ ತೂತು ಹುಡುಕುವಂತಿಲ್ಲ ಎಂದೆ.

ಅವನು ಬರೆದುಕೊಟ್ಟ ಪಟ್ಟಿಯಿಂದ ಯೋಜನೆಗೆ ದೊಡ್ಡ ಉಪಕಾರವಾಯಿತು. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ, ಗುರು ಸುಮಾರು ಒಂದು ವರ್ಷ ಇರುತ್ತಾರೆ. ಕುಂಡಲಿ ನೋಡಿದ ತಕ್ಷಣ ಹುಟ್ಟಿದ ವರ್ಷವನ್ನು ಹತ್ತಿರಹತ್ತಿರ ಊಹಿಸಬಹುದು. 1890ರ ದಶಕದಲ್ಲಿ ಹುಟ್ಟಿದ ಯುರೋಪಿನ ಗಂಡಸರಲ್ಲಿ ಎಷ್ಟೋ ಮಂದಿ ಮೊದಲ ಮಹಾಯುದ್ಧದಲ್ಲಿ ಸತ್ತರು. ಅದನ್ನು ತಿಳಿಯಲು ಅಷ್ಟಮಾಧಿಪತಿ ಬೇಕಿಲ್ಲ, ಚರಿತ್ರೆ ಗೊತ್ತಿದ್ದರೆ ಸಾಕು. ಅದಕ್ಕಾಗಿ ಜೋಡಿಯ ಇಬ್ಬರೂ ಒಂದೇ ವರ್ಷ, ಒಂದೇ ದೇಶದಲ್ಲಿ ಹುಟ್ಟಿದವರಾಗಿರಬೇಕು, ಇಬ್ಬರೂ ಗಂಡಸರು ಅಥವಾ ಇಬ್ಬರೂ ಹೆಂಗಸರಾಗಿರಬೇಕು ಎಂಬ ಕಲಮು ಸೇರಿತು. ಆಮೇಲೆ ಗೆಳೆಯನೂ ಸಹಿ ಹಾಕಿದ, ಮುಖ ಹುಳ್ಳಗೆ ಮಾಡಿಕೊಂಡೇ.

ಚೀಟಿ ಊಹಿಸುವ ಕವಲು

ಸಹಿಯ ಹಿಂದಿನ ದಿನ ದೊಡ್ಡಪ್ಪ ಹೊಸದೊಂದು ಎಳೆ ತೆಗೆದರು. ಫಲ ಹೇಳುವವನಿಗೆ ಉಪಾಸನಾಬಲ (ದೇವರ ಆರಾಧನೆಯಿಂದ ಬರುವ ಶಕ್ತಿ) ಇರಬೇಕು, ಕುಂಡಲಿಯೊಂದೇ ಸಾಲದು.

"ಬಲ ಇದ್ದವರಿಗೆ ಕುಂಡಲಿ ಏಕೆ ಬೇಕು ದೊಡ್ಡಪ್ಪ?" ಎಂದೆ.

"ಅದನ್ನೂ ಪರೀಕ್ಷೆ ಮಾಡು, ನಿನಗೆ ಬೇರೆ ಕೆಲಸ ಏನಿದೆ" ಎಂದರು.

ಹೀಗೆ ಎರಡನೆಯ ಕವಲು ಹುಟ್ಟಿತು. ಅತೀಂದ್ರಿಯ ಶಕ್ತಿಯ ಪರೀಕ್ಷೆಗೆ 1930ರ ದಶಕದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ಬಳಸಿದ ಝೀನರ್ ಚೀಟಿಗಳನ್ನೇ ಎತ್ತಿಕೊಂಡೆ: ವೃತ್ತ, ಅಧಿಕ ಚಿಹ್ನೆ, ಅಲೆಗೆರೆ, ಚೌಕ, ನಕ್ಷತ್ರ. 25 ಚೀಟಿಗಳ ಒಂದು ಸುತ್ತಿನಲ್ಲಿ ಊಹೆಯಿಂದ ಬರಬೇಕಾದ ಸರಾಸರಿ 5. ಹಳೆಯ ಪದ್ಧತಿಯಂತೆ ಪ್ರತಿ ಚಿಹ್ನೆಯ ಐದೈದು ಚೀಟಿಗಳ ಕಟ್ಟು ಇಟ್ಟುಕೊಂಡು ಪ್ರತಿ ಊಹೆಯ ನಂತರ ಉತ್ತರ ತೋರಿಸಿದರೆ, ಹೋದ ಚೀಟಿಗಳನ್ನು ಲೆಕ್ಕ ಇಡುವವರು ಯಾವ ಶಕ್ತಿಯೂ ಇಲ್ಲದೆ ಗೆಲ್ಲುತ್ತಾರೆ. ಆದ್ದರಿಂದ ಕಂಪ್ಯೂಟರ್ ಪ್ರತಿ ಸಲವೂ ಹೊಸದಾಗಿ ಐದರಲ್ಲಿ ಒಂದನ್ನು ಆರಿಸುತ್ತದೆ. ಎಷ್ಟು ಸುತ್ತು ಎಂಬುದೂ ಮೊದಲೇ ನಿಗದಿ. ಅಂಕ ಚೆನ್ನಾಗಿ ಬಂದಾಗ ಎದ್ದುಹೋಗುವಂತಿಲ್ಲ.

ಪ್ರಾಯೋಗಿಕ ಸುತ್ತುಗಳಲ್ಲಿ ಅಂಕಗಳಿಗಿಂತ ಜನರ ವರ್ತನೆಯೇ ಸ್ವಾರಸ್ಯವಾಗಿತ್ತು. ಊಹಿಸುವವರು ಒಂದೇ ಚಿಹ್ನೆಯನ್ನು ಬೆನ್ನುಬೆನ್ನಿಗೆ ಹೇಳುವುದೇ ಅಪರೂಪ. ಯಂತ್ರಕ್ಕೆ ಆ ಸಂಕೋಚವಿಲ್ಲ. ಒಂದೇ ಚಿಹ್ನೆ ಸತತ ಮೂರು ಸಲ ಬರುವುದು ಒಂದು ಸುತ್ತಿಗೆ ಸರಾಸರಿ ಸುಮಾರು ಒಂದು ಬಾರಿ ಆಗಿಯೇ ಆಗುತ್ತದೆ. ಹಾಗಾದಾಗಲೆಲ್ಲ ಯಾರಾದರೊಬ್ಬರು ತಂತ್ರಾಂಶ ಕೆಟ್ಟಿದೆ ಎಂದರು. ಕಾಕತಾಳೀಯ ಎಷ್ಟು ಸಾಮಾನ್ಯ ಎಂಬ ಅಂದಾಜು ನಮಗೆ ಹುಟ್ಟಿನಿಂದ ಬಂದಿಲ್ಲ.

ನೆನೆಸಿಕೊಂಡ ತಕ್ಷಣ ಆ ವ್ಯಕ್ತಿಯಿಂದಲೇ ಕರೆ ಬರುತ್ತದೆ ಎನ್ನುವ ಅತ್ತಿಗೆಗೆ ಒಂದು ಪುಸ್ತಕ ಕೊಟ್ಟು, ಯಾರು ನೆನಪಾದರೂ ವೇಳೆಯೊಂದಿಗೆ ಬರೆಯಿರಿ ಎಂದಿದ್ದೆ. ಕೆಲವೇ ದಿನಗಳಲ್ಲಿ ಪುಸ್ತಕ ವಾಪಸು ಬಂತು. ಇಷ್ಟು ಜನ ನೆನಪಾಗುತ್ತಾರೆ ಎಂದು ತಮಗೇ ಗೊತ್ತಿರಲಿಲ್ಲವಂತೆ, ಬರೆಯುತ್ತ ಕೂತರೆ ಬೇರೆ ಕೆಲಸವೇ ಆಗುವುದಿಲ್ಲವಂತೆ. ಶಕ್ತಿಯ ಮೇಲಿನ ನಂಬಿಕೆ ಮಾತ್ರ ಅಲುಗಾಡಿಲ್ಲ. ಈ ಕವಲನ್ನು ಸದ್ಯಕ್ಕೆ ಇಲ್ಲಿಗೆ ನಿಲ್ಲಿಸಿದ್ದೇನೆ.

ಈಗ ನಡೆಯುತ್ತಿರುವುದು

ಜನನವೇಳೆಗಳ ಸಂಗ್ರಹ. ಮನೆಯವರು ನೆನಪಿನಿಂದ ಹೇಳಿದ ವೇಳೆಗೆ ಬೆಲೆಯಿಲ್ಲ: ಲಗ್ನ ಸರಾಸರಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ, ರಾಶಿಯನ್ನು ಒಂಬತ್ತು ಪಾಲು ಮಾಡಿ ನೋಡುವ ನವಾಂಶ ಲಗ್ನ ಹದಿಮೂರು ಹದಿನಾಲ್ಕು ನಿಮಿಷಕ್ಕೆ ಬದಲಾಗುತ್ತದೆ. ಫ್ರಾನ್ಸಿನ ಜನನ ದಾಖಲೆಗಳಲ್ಲಿ ವೇಳೆ ನಮೂದಾಗಿರುತ್ತದೆ. ಜ್ಯೋತಿಷವನ್ನು ಅಂಕಿಅಂಶಗಳಿಂದ ಪರೀಕ್ಷಿಸಿದ ಫ್ರೆಂಚ್ ಸಂಶೋಧಕ ಮಿಶೆಲ್ ಗೋಕಲಾ ತನ್ನ ಪ್ರಸಿದ್ಧ ಅಂಕಿಅಂಶಗಳನ್ನು ಕೂಡಿಸಿದ್ದೂ ಅಂಥ ದಾಖಲೆಗಳಿಂದಲೇ. ಕ್ರೀಡಾಪಟುಗಳಿಗೂ ಕುಜನಿಗೂ ಅವನು ಕಂಡ ಸಂಬಂಧದ ಬಗ್ಗೆ ಮುಂದೆ ನಡೆದ ದೀರ್ಘ ಜಗಳದಲ್ಲಿ, ಯಾರನ್ನು ಪಟ್ಟಿಗೆ ಸೇರಿಸಬೇಕು ಎಂಬುದೇ ಒಂದು ಮುಖ್ಯ ತಕರಾರು. ಅದಕ್ಕೇ ಜೋಡಿಗಳನ್ನು ನಾನು ಆರಿಸುವುದಿಲ್ಲ, ದೊಡ್ಡಪ್ಪನೂ ಆರಿಸುವುದಿಲ್ಲ. ಷರತ್ತು ಪೂರೈಸಿದವರಲ್ಲಿ ಯಂತ್ರ ಎತ್ತಿದವರೇ ಅಂತಿಮ.

ಕಾಲಮಾನದ ತೊಡಕೊಂದು ಉಳಿದಿದೆ. ಫ್ರಾನ್ಸಿನಲ್ಲಿ 1891ರವರೆಗೆ ಊರೂರಿಗೆ ಅದರದೇ ಸ್ಥಳೀಯ ವೇಳೆ. ಆಮೇಲೆ ದೇಶಕ್ಕೆಲ್ಲ ಪ್ಯಾರಿಸ್ ವೇಳೆ. 1911ರಲ್ಲಿ ಗಡಿಯಾರಗಳನ್ನು 9 ನಿಮಿಷ 21 ಸೆಕೆಂಡು ಹಿಂದಿಟ್ಟು ಗ್ರೀನಿಚ್ ವೇಳೆಗೆ ಹೊಂದಿಸಿದರು. 1940ರ ನಂತರ ಜರ್ಮನರು ಹಿಡಿದ ಭಾಗಕ್ಕೆ ಜರ್ಮನ್ ವೇಳೆ ಬಂತು, ಅದರಿಂದಾಗಿ ಆ ವರ್ಷಗಳನ್ನು ಪಟ್ಟಿಯಿಂದಲೇ ಕೈಬಿಟ್ಟಿದ್ದೇವೆ. ಹಳೆಯ ದಾಖಲೆಗಳಿಗೆ ಊರಿನ ರೇಖಾಂಶ ಹಿಡಿದು ತಿದ್ದುವ ಭಾಗವನ್ನು ಈಗ ಬರೆಯುತ್ತಿದ್ದೇನೆ. ದೊಡ್ಡಪ್ಪ ಅದನ್ನು ಕೈಲೆಕ್ಕದಿಂದ ತಾಳೆ ನೋಡುತ್ತಿದ್ದಾರೆ, ಇದುವರೆಗೆ ಇಬ್ಬರ ಲಗ್ನವೂ ಕಲೆಯವರೆಗೆ ಕೂಡಿಬರುತ್ತಿದೆ.