ಮೂಲೆಯ ರುಚಿ: ಚಿಕನ್ ಕ್ಯಾಸರೋಲ್‌ನ ಆರು ಪ್ರಯತ್ನಗಳು

ನಮ್ಮ ಅಚ್ಚುಮೆಚ್ಚಿನ ರೆಸ್ಟೋರೆಂಟ್ ತನ್ನ ಮೆನುವಿನಿಂದ ಚಿಕನ್ ಕ್ಯಾಸರೋಲನ್ನು, ಅಂದರೆ ಕೋಳಿಯನ್ನು ಸಾಸ್ ಜೊತೆ ಓವನ್‌ನಲ್ಲಿಟ್ಟು ಮಾಡುವ ತಿನಿಸನ್ನು, ತೆಗೆದುಹಾಕಿ ಎರಡು ತಿಂಗಳಾಯಿತು. ‘ಈಗ ಮಾಡುವುದಿಲ್ಲ ಮೇಡಂ’ ಎಂದಷ್ಟೇ ಹೇಳಿದರು. ಮುನಿಸಿಕೊಂಡು ಮನೆಗೆ ಬಂದವಳು ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ನಾಲಗೆಗೆ ನೆನಪಿದ್ದುದನ್ನೆಲ್ಲ ಗೀಚಿಟ್ಟೆ. ಅಂಗೈಯಗಲದ ತಟ್ಟೆ. ಅಂಚಿನಲ್ಲಿ ಇನ್ನೂ ಗುಳ್ಳೆ ಏಳುತ್ತಿರುವ ಬಿಳಿ ಸಾಸ್. ಮೇಲೆ ಬ್ರೆಡ್ ಪುಡಿಯ ಹೊದಿಕೆ, ಚಮಚ ಇಳಿಸಿದರೆ ಕರಕ್ಕೆನ್ನಬೇಕು. ಅಣಬೆ ಇತ್ತು, ಥೈಮ್ ಎಂಬ ಪರಿಮಳದ ಸೊಪ್ಪು ಇತ್ತು. ಮತ್ತೇನೋ ಒಂದು ಇತ್ತು, ಅದೇನೆಂದು ತಿಳಿಯಲಿಲ್ಲ. ಆ ‘ಮತ್ತೇನೋ’ ಯಾವುದೋ ಮಸಾಲೆಯೇ ಇರಬೇಕೆಂದು ನಂಬಿ ಕೆಲಸ ಆರಂಭಿಸಿದೆ.

ಮೊದಲ ಸಲ

ಕೋಳಿಯ ಎದೆ ಮಾಂಸದ ತುಂಡು, ಹೆಚ್ಚಿದ ಹಸಿ ಅಣಬೆ, ಈರುಳ್ಳಿ ಎಲ್ಲವನ್ನೂ 20 ಸೆಂಟಿಮೀಟರ್ ಚೌಕದ ಗಾಜಿನ ಪಾತ್ರೆಗೆ ಸುರಿದು, ಮೇಲೆ ಬಿಳಿ ಸಾಸ್ ಹೊಯ್ದು, ಚೀಸ್ ಹರಡಿ ಓವನ್‌ನಲ್ಲಿ 180 ಡಿಗ್ರಿಯಲ್ಲಿ 45 ನಿಮಿಷ ಇಟ್ಟೆ. ಹೊರಬಂದದ್ದು ಕೆರೆ. ಸಾಸ್ ಒಂದು ಕಡೆ, ನೀರು ಇನ್ನೊಂದು ಕಡೆ, ನಡುವೆ ನಾರುನಾರಾದ ಮಾಂಸ. ಮಗಳು ಎರಡು ಚಮಚ ತಿಂದು, ‘ಅಮ್ಮಾ, ಬ್ರೆಡ್ ಇದೆಯಾ?’ ಎಂದಳು.

ಎರಡನೆಯ ಸಲ

ನೀರು ಹೆಚ್ಚಾಯಿತೆಂದು ಮೈದಾ ಹೆಚ್ಚಿಸಿದೆ. ಗೋಡೆಗೆ ಕಾಗದ ಅಂಟಿಸಬಹುದಾದ ಸಾಸ್ ಬಂತು. ಈ ಸಲದ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಕಲಿತದ್ದು ಇಷ್ಟು: ಬೆಣ್ಣೆ ಮತ್ತು ಮೈದಾ ಸಮ ತೂಕದಲ್ಲಿರಬೇಕು, ಹಸಿ ವಾಸನೆ ಹೋಗುವವರೆಗೆ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಹುರಿಯಬೇಕು, ಹಾಲು ಹಾಕಿದ ಮೇಲೆ ಒಂದು ಕುದಿ ಬರಲೇಬೇಕು. ಕುದಿಯುವ ಮೊದಲೇ ‘ತೆಳುವಾಯಿತು’ ಎಂದು ಹಿಟ್ಟು ಸೇರಿಸಿದ್ದೇ ನನ್ನ ತಪ್ಪು. ಪಿಷ್ಟದ ಕಣಗಳು ಬಿಸಿಯಲ್ಲಿ ನೀರು ಹೀರಿ ಉಬ್ಬಿದ ಮೇಲಷ್ಟೇ ಸಾಸ್ ತನ್ನ ನಿಜವಾದ ದಪ್ಪವನ್ನು ತೋರಿಸುತ್ತದೆ. ಈಗ 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ, 450 ಮಿಲಿಲೀಟರ್ ದ್ರವ. ಸೌಟಿನ ಹಿಂಬದಿಯಲ್ಲಿ ಬೆರಳಿನಿಂದ ಗೆರೆ ಎಳೆದರೆ ಅದು ಮುಚ್ಚಿಕೊಳ್ಳಬಾರದು.

ಮೂರನೆಯ ಸಲ

ಹಿಟ್ಟಿನಿಂದ ನೀರನ್ನು ಕಟ್ಟಿಹಾಕುವುದಕ್ಕಿಂತ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಮೇಲು ಅನ್ನಿಸಿತು. ಅಣಬೆಯ ಮೇಲೆ ಅನುಮಾನ ಬಂತು. 250 ಗ್ರಾಂ ತೂಗಿ, ಅಗಲವಾದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ, ಒಂದರ ಮೇಲೊಂದು ಬೀಳದಂತೆ ಹರಡಿ, ದೊಡ್ಡ ಉರಿಯಲ್ಲಿಟ್ಟೆ. ಮೊದಲ ಮೂರು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದೊಂದು ಹೋಳಿನ ಮೇಲೂ ಬೆವರಿನಂತೆ ಹನಿ ಮೂಡಿ, ನೋಡನೋಡುತ್ತಿದ್ದಂತೆ ಬಾಣಲೆಯ ತುಂಬ ಬೂದುಬಣ್ಣದ ನೀರು ನಿಂತಿತು. ಅದು ಕುದಿಯುವ ಸದ್ದು ಬೇರೆ, ನೀರಾರಿದ ಮೇಲೆ ಬರುವ ಚಿಟಿಚಿಟಿ ಸದ್ದು ಬೇರೆ. ಸದ್ದು ಬದಲಾದಾಗ ಬೆಣ್ಣೆ ಹಾಕಿದೆ. ಅಂಚುಗಳು ಕಂದು ತಿರುಗಿದವು. ಮತ್ತೆ ತೂಗಿದಾಗ ತಕ್ಕಡಿ ತೋರಿಸಿದ್ದು 110 ಗ್ರಾಂ. ಅಂದರೆ ಮೊದಲ ಸಲ ಪಾತ್ರೆಗೆ ಸುರಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ! ಕೆರೆಯ ಮೂಲ ಸಿಕ್ಕಿದ ಖುಷಿಗೆ ಮಾಂಸ ಮತ್ತೆ ಒಣಗಿದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ.

ನಾಲ್ಕನೆಯ ಸಲ

ಎದೆ ಮಾಂಸ ಬಿಟ್ಟು ಮೂಳೆ ತೆಗೆದ ತೊಡೆ ಮಾಂಸ ತಂದೆ, 600 ಗ್ರಾಂ. ಕೋಳಿ ಒಳಗೆ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. ಎದೆಯ ಭಾಗ ಅದನ್ನು ದಾಟಿ ಏರುತ್ತ ಹೋದಂತೆ ಒಣಗುತ್ತದೆ. ತೊಡೆಯಲ್ಲಿ ಕೊಲಾಜನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ಹೆಚ್ಚಿರುವುದರಿಂದ 80 ದಾಟಿದ ಮೇಲೆಯೇ ಅದು ಮೆತ್ತಗಾಗಿ ರುಚಿ ಬಿಡುತ್ತದೆ. ಓವನ್‌ನಲ್ಲಿ ಬಹಳ ಹೊತ್ತು ಕೂರುವ ಅಡುಗೆಗೆ ಎದೆ ಮಾಂಸ ಹಾಕುವುದು ಅದಕ್ಕೆ ಶಿಕ್ಷೆ ಕೊಟ್ಟಂತೆ.

ಮಾಂಸವನ್ನು ಒರೆಸಿ ಒಣಗಿಸಿ, ಬಾಣಲೆಯಲ್ಲಿ ಎರಡೂ ಬದಿ ಕಂದು ಬಣ್ಣಕ್ಕೆ ತಂದೆ. ತಳಕ್ಕೆ ಹಿಡಿದ ಕಂದು ಪದರವನ್ನು ಹಿಂದೆಲ್ಲ ತಿಕ್ಕಿ ತೊಳೆಯುತ್ತಿದ್ದೆ. ಈ ಸಲ ಬಿಸಿ ಚಿಕನ್ ಸ್ಟಾಕ್ (ಕೋಳಿ ಬೇಯಿಸಿದ ತಿಳಿ ಸಾರು) ಸುರಿದು ಮರದ ಸೌಟಿನಿಂದ ಕೆರೆದು ಸಾಸ್‌ಗೇ ಸೇರಿಸಿದೆ: 300 ಮಿಲಿಲೀಟರ್ ಹಾಲು, 150 ಮಿಲಿಲೀಟರ್ ಸ್ಟಾಕ್. ಸಾಸ್‌ನ ಬಿಳುಪು ಹೋಗಿ ಕೆನೆಬಣ್ಣ ಬಂತು. ರೆಸ್ಟೋರೆಂಟಿನದೂ ಅಚ್ಚ ಬಿಳಿಯಾಗಿರಲಿಲ್ಲ ಎಂಬುದು ಆಗ ನೆನಪಾಯಿತು. ಮಗಳ ತೀರ್ಪು: ‘ಚೆನ್ನಾಗಿದೆ. ಆದರೆ ಅದಲ್ಲ.’

ಐದನೆಯ ಸಲ

ಮಸಾಲೆಯ ಬೇಟೆ. ಜಾಯಿಕಾಯಿ, ಕೆಂಪುಮೆಣಸಿನ ಪುಡಿ, ಒಣ ತುಳಸಿ, ಬೆಳ್ಳುಳ್ಳಿ ಪುಡಿ, ಸಾಸಿವೆ ಪೇಸ್ಟ್, ನಿಂಬೆರಸ, ಒಂದೊಂದು ಬಟ್ಟಲಿಗೆ ಒಂದೊಂದು ಬೆರೆಸಿ ನೆಕ್ಕಿ ನೋಡಿದೆ. ಉಳಿದುಕೊಂಡದ್ದು ಎರಡೇ: ಅರ್ಧ ಚಮಚ ಸಾಸಿವೆ ಪೇಸ್ಟ್, ಕೊನೆಗೆ ನಾಲ್ಕು ಹನಿ ನಿಂಬೆರಸ. ಬೆಣ್ಣೆಯ ಜಿಡ್ಡನ್ನು ಅವು ಸೀಳುತ್ತವೆ.

ಚೀಸ್ ಈ ಸಲ ಎಣ್ಣೆ ಬಿಟ್ಟಿತು. ಸಾಸ್ ಕುದಿಯುತ್ತಿರುವಾಗಲೇ ಹಾಕಿದ್ದು ತಪ್ಪು. ಉರಿ ಆರಿಸಿ, ಒಂದು ನಿಮಿಷ ಬಿಟ್ಟು, ಹಿಡಿ ಹಿಡಿಯಾಗಿ ಸೇರಿಸಬೇಕು. ತುರಿದು ಪ್ಯಾಕೆಟ್‌ನಲ್ಲಿ ಬರುವ ಚೀಸ್‌ಗೆ ಅಂಟಿಕೊಳ್ಳದಂತೆ ಪಿಷ್ಟ ಸವರಿರುತ್ತಾರೆ, ಅದಕ್ಕೇ ಗಟ್ಟಿಯನ್ನು ತಂದು ನಾನೇ ತುರಿಯುತ್ತೇನೆ. ಬ್ರೆಡ್ ಪುಡಿಯನ್ನೂ ಮೊದಲೇ ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಓವನ್‌ಗೆ ಇಡುವ ಕ್ಷಣದಲ್ಲಿ ಉದುರಿಸಿದೆ. ಹಸಿಯಾಗಿ ಹಾಕಿದರೆ ಕೆಳಪದರ ಹಬೆಗೆ ನೆನೆದು ಮುದ್ದೆಯಾಗುತ್ತದೆ.

ಊಟ ಮುಗಿದ ಮೇಲೆ ಮಗಳು ಪಾತ್ರೆಯ ಮೂಲೆಯನ್ನು ಚಮಚದಿಂದ ಕೆರೆಯುತ್ತಿದ್ದಳು. ಗಾಜಿಗೆ ಅಂಟಿ ಕಂದಾಗಿದ್ದ ಸಾಸ್‌ನ ಚಕ್ಕೆ. ‘ಅಮ್ಮಾ, ಇದು ಮಾತ್ರ ಥೇಟ್ ಅದೇ’ ಎಂದು ನನ್ನ ಬಾಯಿಗೂ ಇಟ್ಟಳು. ಹೌದು, ಅದೇ. ತಿಂಗಳುಗಟ್ಟಲೆ ಮಸಾಲೆ ಡಬ್ಬಿಗಳಲ್ಲಿ ಹುಡುಕಿದ್ದು ಮೂಲೆಯಲ್ಲಿ ಅಂಟಿಕೊಂಡು ಕುಳಿತಿತ್ತು.

ಆರನೆಯ ಸಲ, ನಿನ್ನೆ

ಕ್ಯಾಸರೋಲ್ ಎಂಬುದು ಮೂಲತಃ ಫ್ರೆಂಚ್‌ನಲ್ಲಿ ಪಾತ್ರೆಯ ಹೆಸರು. ಹೆಸರೇ ಪಾತ್ರೆಯನ್ನು ಹೇಳುತ್ತಿದ್ದರೂ ನಾನು ಪಾತ್ರೆಯ ಬಗ್ಗೆ ಯೋಚಿಸಿರಲಿಲ್ಲ. ಲೆಕ್ಕ ಹಾಕಿದೆ. ನನ್ನ ಚೌಕ ಪಾತ್ರೆಯ ಸುತ್ತಳತೆ 80 ಸೆಂಟಿಮೀಟರ್. 12 ಸೆಂಟಿಮೀಟರ್ ಅಗಲದ ನಾಲ್ಕು ದುಂಡು ತಟ್ಟೆಗಳಿಗೆ ಅದೇ ಪ್ರಮಾಣ ಹಂಚಿದರೆ ಅಂಚು ಒಟ್ಟು 150 ಸೆಂಟಿಮೀಟರ್. ಹಿಡಿಸುವ ಸಾಮಗ್ರಿ ಅಷ್ಟೇ, ಕಂದಾಗುವ ಅಂಚು ಹೆಚ್ಚುಕಡಿಮೆ ಇಮ್ಮಡಿ.

ಇನ್ನೊಂದು ವಿಷಯವೂ ಹೊಳೆಯಿತು. ಅಲ್ಲಿ ಆರ್ಡರ್ ಕೊಟ್ಟ ಕಾಲು ಗಂಟೆಯಲ್ಲಿ ತಟ್ಟೆ ಮೇಜಿಗೆ ಬರುತ್ತಿತ್ತು. ಹಸಿ ಕೋಳಿಯಿಂದ ಅಷ್ಟರಲ್ಲಿ ಇದು ಆಗುವ ಮಾತಲ್ಲ. ಒಳಗಿನದೆಲ್ಲ ಮೊದಲೇ ಬೆಂದಿರುತ್ತಿತ್ತು, ಓವನ್‌ನ ಕೆಲಸ ಅಂಚು ಮತ್ತು ಮೇಲ್ಪದರ ಮಾತ್ರ. ಹಾಗೆಯೇ ಮಾಡಿದೆ. ಮಾಂಸವನ್ನು ಸಾಸ್‌ನಲ್ಲೇ ಒಲೆಯ ಮೇಲೆ ಪೂರ್ತಿ ಬೇಯಿಸಿ, ಅಣಬೆ ಬೆರೆಸಿ, ಬಿಸಿಯಿರುವಾಗಲೇ ತಟ್ಟೆಗಳಿಗೆ ತುಂಬಿ, ಅಂಚಿಗೆ ಸಾಸ್ ತುಸು ಮೆತ್ತಿ, ಪುಡಿ ಉದುರಿಸಿ, 220 ಡಿಗ್ರಿಯಲ್ಲಿ 15 ನಿಮಿಷ ಇಟ್ಟೆ. ಹೊರತೆಗೆದಾಗ ಸುತ್ತಲೂ ಕಂದು ಉಂಗುರ, ಅದರ ಒಳಗೆ ಗುಳ್ಳೆ. ಐದು ನಿಮಿಷ ಕಾಯಬೇಕೆಂದು ನಾನೇ ಹೇಳಿ ನಾನೇ ನಾಲಗೆ ಸುಟ್ಟುಕೊಂಡೆ.

ನಾವು ಮೂವರು ಮೂರು ತಟ್ಟೆ ಮುಗಿಸಿದೆವು. ನಾಲ್ಕನೆಯದು ಪುಡಿ ಉದುರಿಸದೆ, ಓವನ್‌ಗೂ ಇಡದೆ ಫ್ರಿಜ್‌ನಲ್ಲಿದೆ. ತಣ್ಣಗಿರುವುದನ್ನು ನೇರವಾಗಿ 220ಕ್ಕೆ ಇಟ್ಟರೆ ನಡುಭಾಗ ಬಿಸಿಯಾಗುವ ಮೊದಲೇ ಮೇಲ್ಭಾಗ ಕರಕಲಾಗುತ್ತದೆ, ತಟ್ಟೆಯೂ ಸೀಳಬಹುದು. ಆದ್ದರಿಂದ ಇವತ್ತು ಸಂಜೆ ಅರ್ಧ ಗಂಟೆ ಹೊರಗಿಟ್ಟು, ಮುಚ್ಚಿ 180ರಲ್ಲಿ ಬಿಸಿ ಮಾಡಿ, ನಡುವೆ 74 ಬಂದ ಮೇಲೆ ಮುಚ್ಚಳ ತೆಗೆದು ಪುಡಿ ಉದುರಿಸಿ ಶಾಖ ಏರಿಸುವ ಯೋಚನೆ. ಒಂದು ರಾತ್ರಿ ಕುಳಿತದ್ದರಿಂದ ಥೈಮ್ ಇನ್ನಷ್ಟು ಇಳಿದಿರಬಹುದೇ ನೋಡಬೇಕು. ಆ ತಟ್ಟೆ ತನ್ನದೆಂದು ಮಗಳು ಅದರ ಮೇಲೆ ಚೀಟಿ ಅಂಟಿಸಿ ಹೋಗಿದ್ದಾಳೆ.