ಎರಡು ಫಿಫ್ತ್ ವೀಲ್‌ಗಳಲ್ಲಿ ಒಂದನ್ನು ಆರಿಸಿಕೊಂಡ ಬಗೆ

ನಿವೃತ್ತಿಯಾದ ಮೇಲೆ ಮನೆ ಮಾರಿ, ವರ್ಷವಿಡೀ ಟ್ರೈಲರ್‌ನಲ್ಲಿಯೇ ವಾಸಿಸುತ್ತ ಅಮೆರಿಕವನ್ನು ನಿಧಾನವಾಗಿ ಸುತ್ತಬೇಕೆಂಬುದು ನನ್ನ ಮತ್ತು ನನ್ನ ಪತ್ನಿಯ ಬಹುಕಾಲದ ಆಸೆ. ಅದಕ್ಕಾಗಿ ಕಳೆದ ಮೂರು ತಿಂಗಳ ವಾರಾಂತ್ಯಗಳನ್ನೆಲ್ಲ ಟ್ರೈಲರ್ ಮಾರಾಟದ ಅಂಗಳಗಳಲ್ಲಿ ಕಳೆದೆವು. ನೋಡಿದ ಹತ್ತಾರು ಟ್ರೈಲರ್‌ಗಳಲ್ಲಿ ಕೊನೆಗೆ ಉಳಿದವು ಎರಡು. ಎರಡೂ ಐಷಾರಾಮಿ ದರ್ಜೆಯ ಫಿಫ್ತ್ ವೀಲ್‌ಗಳು, ಅಂದರೆ ಪಿಕಪ್ ಟ್ರಕ್ಕಿನ ತೊಟ್ಟಿಯೊಳಗಿನ ಕೊಂಡಿಗೆ ಜೋಡಿಸಿ ಎಳೆಯುವ ದೊಡ್ಡ ವಾಸದ ಟ್ರೈಲರ್‌ಗಳು; ಎರಡಕ್ಕೂ ಒಂದು ಲಕ್ಷ ಡಾಲರಿಗಿಂತ ಹೆಚ್ಚಿನ ಬೆಲೆ, ಎರಡೂ ತಯಾರಾದದ್ದು ಈ ಉದ್ಯಮದ ತವರಾದ ಇಂಡಿಯಾನಾದ ಎಲ್ಕ್‌ಹಾರ್ಟ್ ಕೌಂಟಿಯಲ್ಲಿ.

ಮೊದಲನೆಯದು 38 ಅಡಿ ಉದ್ದದ್ದು, ಹಿಂಬದಿಯಲ್ಲಿ ಅಡಿಗೆಮನೆ. ಎರಡನೆಯದು 42 ಅಡಿ, ಹಿಂಬದಿಯಲ್ಲಿ ಕುಳಿತುಕೊಳ್ಳುವ ಕೋಣೆ. ಒಳಗೆ ಕಾಲಿಟ್ಟವರ ಮನಸ್ಸನ್ನು ಮೊದಲನೆಯದು ಥಟ್ಟನೆ ಸೆಳೆಯುತ್ತದೆ. ಮೂರು ಕಡೆಯ ಕಿಟಕಿಗಳಿಂದ ಬೆಳಕು ಬೀಳುವ ಅಡಿಗೆಕಟ್ಟೆ, ದೊಡ್ಡ ಫ್ರಿಜ್, ಎಲೆಕ್ಟ್ರಿಕ್ ಫೈರ್‌ಪ್ಲೇಸ್, ಎಲ್ಲವೂ ಕಣ್ಣಿಗೆ ಹಿತ. ನನ್ನ ಪತ್ನಿ ಅಲ್ಲಿ ಒಂದು ಗಂಟೆ ನಿಂತು, ಪಾತ್ರೆ ತೊಳೆಯುವಂತೆ, ತರಕಾರಿ ಹೆಚ್ಚುವಂತೆ ಕೈಯಾಡಿಸಿ ನೋಡಿ ಒಪ್ಪಿಕೊಂಡಿದ್ದಳು. ಆಮೇಲೆ ನಾವು ಸ್ಲೈಡ್‌ಗಳನ್ನು, ಅಂದರೆ ಟ್ರೈಲರ್ ನಿಂತಾಗ ಹೊರಕ್ಕೆ ಚಾಚಿ ಒಳಗಿನ ಜಾಗ ಹೆಚ್ಚಿಸುವ ಭಾಗಗಳನ್ನು, ಒಳಕ್ಕೆ ಎಳೆಸಿ, ಪ್ರಯಾಣದ ವೇಳೆ ಟ್ರೈಲರ್ ಹೇಗಿರುತ್ತದೆಯೋ ಹಾಗೆಯೇ ಇಟ್ಟು ಮತ್ತೊಮ್ಮೆ ಒಳಹೊಕ್ಕೆವು. ಆಗ ಅಡಿಗೆಮನೆಯ ಸ್ಲೈಡ್ ಎದುರು ಗೋಡೆಯ ಕಪಾಟಿಗೆ ಒತ್ತಿಕೊಂಡಂತೆ ನಿಂತು, ಫ್ರಿಜ್ಜಿನ ಬಾಗಿಲು ಎರಡು ಬೆರಳಿನಷ್ಟೂ ತೆರೆಯಲಿಲ್ಲ. “ರೀ, ಬಾತ್‌ರೂಮಿಗೆ ಹೋಗೋದಕ್ಕೂ ದಾರಿ ಇಲ್ಲವಲ್ಲ” ಎಂದು ಅವಳು ಮೆಟ್ಟಿಲ ಬಳಿಯೇ ನಿಂತುಬಿಟ್ಟಳು. ದಿನವಿಡೀ ಪ್ರಯಾಣ ಮಾಡುವವರಿಗೆ ಇದು ಸಣ್ಣ ಕೊರತೆಯಲ್ಲ. ಆದರೂ ನಮ್ಮ ತೀರ್ಮಾನಕ್ಕೆ ಇದೊಂದೇ ಕಾರಣವಾಗಲಿಲ್ಲ.

ನಿಜವಾದ ಕಾರಣ ತೂಕ. ಫಿಫ್ತ್ ವೀಲ್ ಸಾಮಾನ್ಯ ಟ್ರೈಲರ್‌ನಂತೆ ವಾಹನದ ಹಿಂಬದಿಯ ಕೊಂಡಿಗೆ ನೇತುಬೀಳುವುದಿಲ್ಲ. ಅದರ ಕಿಂಗ್‌ಪಿನ್, ಅಂದರೆ ಮುಂಭಾಗದಿಂದ ಕೆಳಕ್ಕೆ ಚಾಚಿದ ಉಕ್ಕಿನ ಗೂಟ, ಪಿಕಪ್ ಟ್ರಕ್ಕಿನ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್‌ನ ಹೆಚ್ಚುಕಡಿಮೆ ನೇರ ಮೇಲೆ, ಹಿಚ್ ಎಂಬ ಕೊಂಡಿಯಲ್ಲಿ ಕೂರುತ್ತದೆ. ಅದರಿಂದಲೇ ಅಡ್ಡಗಾಳಿಗೆ ಅದು ಅಷ್ಟಾಗಿ ಓಲಾಡುವುದಿಲ್ಲ. ಆದರೆ ಟ್ರೈಲರ್‌ನ ಒಟ್ಟು ತೂಕದ ಶೇಕಡಾ 20ರಿಂದ 25ರಷ್ಟು ಭಾರವನ್ನು ಟ್ರಕ್ಕೇ ಹೊರಬೇಕಾಗುತ್ತದೆ. ನಮ್ಮದು ಹಿಂದೆ ನಾಲ್ಕು ಚಕ್ರಗಳಿರುವ ಡ್ಯುಯಲಿ; ಅದರ ಬಾಗಿಲ ಚೀಟಿಯಲ್ಲಿ ನಮೂದಾಗಿರುವ ಹೊರೆಯ ಮಿತಿ 5,560 ಪೌಂಡ್. ಎರಡನೆಯ ಟ್ರೈಲರ್ ತನ್ನ ಗರಿಷ್ಠ 20,000 ಪೌಂಡ್ ತೂಗಿದಾಗ, ಶೇಕಡಾ 23ರ ಲೆಕ್ಕದಲ್ಲಿ ಟ್ರಕ್ಕಿನ ಮೇಲೆ ಬೀಳುವ ಪಿನ್ ಭಾರ 4,600 ಆಗುತ್ತದೆ. ಹಿಚ್, ಉಪಕರಣಗಳು ಮತ್ತು ನಾವಿಬ್ಬರು ಸೇರಿ ಇನ್ನೊಂದು 600 ಎಂದು ಹಿಡಿದರೂ ಮಿತಿಯೊಳಗೇ ಇರುತ್ತೇವೆ. ಹಿಂದೆ ಎರಡೇ ಚಕ್ರಗಳ ಟ್ರಕ್ ಇದ್ದವರು ಈ ಗಾತ್ರದ ಟ್ರೈಲರ್‌ನ ಆಸೆಯನ್ನು ಬಿಡುವುದೇ ಕ್ಷೇಮ.

ಮುಂದಿನ ಲೆಕ್ಕ ಟ್ರೈಲರ್ ಎಷ್ಟು ಸಾಮಾನು ಹೊರಬಲ್ಲುದು ಎಂಬುದು. ಮೊದಲನೆಯದರ ಗರಿಷ್ಠ ತೂಕ 16,800 ಪೌಂಡ್, ಖಾಲಿ ತೂಕ 14,350; ಉಳಿಯುವುದು 2,450. ಎರಡನೆಯದರಲ್ಲಿ ಉಳಿಯುವುದು 3,600. ಕೇಳುವುದಕ್ಕೆ ಎರಡೂ ಬೇಕಾದಷ್ಟೇ ಎನಿಸುತ್ತದೆ. ಆದರೆ ನೀರು ಗ್ಯಾಲನ್‌ಗೆ 8.3 ಪೌಂಡ್ ತೂಗುತ್ತದೆ. ಮೊದಲನೆಯದರ 80 ಗ್ಯಾಲನ್ ತೊಟ್ಟಿ ತುಂಬಿದರೆ 664 ಪೌಂಡ್ ಅಲ್ಲಿಗೇ ಮುಗಿಯಿತು. ಬಟ್ಟೆ ಒಗೆಯುವ ಯಂತ್ರ ಮತ್ತು ಹೆಚ್ಚುವರಿ ಬ್ಯಾಟರಿಗಳಿಗೆ 350 ಕಳೆದರೆ ಉಳಿಯುವುದು ಸುಮಾರು 1,430. ನಾವು ಎರಡು ವಾರಾಂತ್ಯ ಕುಳಿತು, ಜೊತೆಗೆ ಕೊಂಡೊಯ್ಯಬೇಕೆಂದಿರುವ ಬಟ್ಟೆ, ಪಾತ್ರೆ, ಹಾಸಿಗೆ, ಪುಸ್ತಕ, ದಿನಸಿಯನ್ನೆಲ್ಲ ಪೆಟ್ಟಿಗೆಗಳಿಗೆ ತುಂಬಿ, ಒಂದೊಂದನ್ನೂ ಸ್ನಾನದ ಮನೆಯ ತೂಕದ ಯಂತ್ರದ ಮೇಲಿಟ್ಟು ಬರೆದುಕೊಂಡೆವು. ಮೊತ್ತ 1,680 ಬಂತು. ಪುಸ್ತಕಗಳಲ್ಲಿ ಅರ್ಧದಷ್ಟನ್ನು ಬಿಟ್ಟರೂ ಮೊದಲನೆಯದರಲ್ಲಿ ನಮ್ಮ ಸಂಸಾರ ಹಿಡಿಸುವುದಿಲ್ಲ.

ನೀರು ತುಂಬಿಸದೆಯೇ ಪ್ರಯಾಣ ಮಾಡಬಹುದಲ್ಲ ಎಂದು ಮಾರಾಟಗಾರರು ಸಲಹೆ ನೀಡಿದರು. ನೀರಿನ ಸೌಕರ್ಯವಿಲ್ಲದ ಕಡೆ ರಾತ್ರಿ ತಂಗಬೇಕಾದಾಗ, ಅಥವಾ ಕೊಳಚೆ ತೊಟ್ಟಿಯನ್ನು ಖಾಲಿ ಮಾಡುವ ಜಾಗ ಹತ್ತಾರು ಮೈಲಿ ದೂರವಿದ್ದು ತುಂಬಿದ ತೊಟ್ಟಿಯನ್ನೇ ಹೊತ್ತು ಸಾಗಬೇಕಾದಾಗ ಆ ಸಲಹೆ ನಿಲ್ಲುವುದಿಲ್ಲ. ನಾನು ಈ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದಕ್ಕೆ ನಮ್ಮ ಹಳೆಯ ಟ್ರೈಲರ್ ಕಲಿಸಿದ ಪಾಠವೂ ಕಾರಣ. ಬೇಸಿಗೆಯ ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ಅದರ ಟಯರ್ ಸಿಡಿದು, ಬಿಚ್ಚಿಕೊಂಡ ರಬ್ಬರಿನ ಪಟ್ಟಿ ಚಕ್ರದ ಮೇಲಿನ ತಗಡನ್ನು ಹರಿದು, ಒಳಗಿನ ಕಪಾಟಿನ ತಳಕ್ಕೇ ತೂತು ಕೊರೆದಿತ್ತು. ಮರುದಿನ ಟ್ರಕ್ ನಿಲ್ದಾಣದ ವೇಬ್ರಿಡ್ಜ್‌ನಲ್ಲಿ ತೂಗಿಸಿದಾಗ ಆಕ್ಸಲ್‌ಗಳ ಮೇಲೆ ಮಿತಿಗಿಂತ 600 ಪೌಂಡ್ ಹೆಚ್ಚಿತ್ತು. ಆ ತೂತಿನ ಮೂಲಕ ಕಂಡ ರಸ್ತೆಯನ್ನು ನಾನಿನ್ನೂ ಮರೆತಿಲ್ಲ.

ಎರಡನೆಯದರಲ್ಲಿ ತಲಾ 8,000 ಪೌಂಡ್ ಹೊರುವ ಎರಡು ಆಕ್ಸಲ್‌ಗಳು, 17.5 ಇಂಚಿನ ಚಕ್ರಗಳು, ಡಿಸ್ಕ್ ಬ್ರೇಕ್ ಮತ್ತು ಎರಡು ಪದರದ ಗಾಜಿನ ಕಿಟಕಿಗಳಿವೆ. ಸ್ಲೈಡ್‌ಗಳನ್ನು ಮುಚ್ಚಿದಾಗಲೂ ಮಲಗುವ ಕೋಣೆಗೂ ಬಾತ್‌ರೂಮಿಗೂ ಹೋಗಬಹುದು. ಎರಡರಲ್ಲೂ 50 ಆಂಪ್ ವಿದ್ಯುತ್ ಸಂಪರ್ಕವೇ ಇರುವುದರಿಂದ ಆ ವಿಷಯದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಕ್ಯಾಲಿಫೋರ್ನಿಯಾದ ನಿವಾಸಿಗಳಾದ ನಮಗೆ ಪರವಾನಗಿಯ ಮಟ್ಟಿಗೂ ಎರಡೂ ಒಂದೇ, ಏಕೆಂದರೆ 15,000 ಪೌಂಡ್ ಮೀರಿದ ಯಾವ ಫಿಫ್ತ್ ವೀಲ್ ಎಳೆಯುವುದಕ್ಕೂ ಇಲ್ಲಿ ವಾಣಿಜ್ಯೇತರ ಕ್ಲಾಸ್ ಎ ಲೈಸೆನ್ಸ್ ಬೇಕು. ಅದರ ಪರೀಕ್ಷೆಗೆ ನಾನು ಈಗಾಗಲೇ ಓದತೊಡಗಿದ್ದೇನೆ.

ಎರಡನೆಯದನ್ನು ಆರಿಸಿದ್ದರಿಂದ ಕಳೆದುಕೊಳ್ಳುವುದೂ ಇದೆ, ಮತ್ತು ಅದು ನನ್ನನ್ನು ಕಾಡುತ್ತಿದೆ. ರಾಷ್ಟ್ರೀಯ ಉದ್ಯಾನಗಳ ಹಳೆಯ ಕ್ಯಾಂಪ್‌ಗ್ರೌಂಡ್‌ಗಳು ಇಂಥ ಗಾತ್ರ ಹುಟ್ಟುವ ಮೊದಲೇ ಆದವು; ಅಲ್ಲಿನ ತಿರುವುಗಳಲ್ಲಿ, ಮರಗಳ ನಡುವಿನ ಕಿರಿದಾದ ಜಾಗಗಳಲ್ಲಿ 42 ಅಡಿಯ ಟ್ರೈಲರ್‌ಗೆ ಎಡೆಯಿಲ್ಲ. 38 ಅಡಿಯದಕ್ಕೂ ಅನೇಕ ಕಡೆ ಪ್ರವೇಶ ಸಿಗುವುದಿಲ್ಲ ಎಂಬುದು ನಿಜವಾದರೂ, ಆ ನಾಲ್ಕು ಅಡಿಗಳಿಂದಾಗಿ ಬಾಗಿಲು ಮುಚ್ಚುವ ತಾಣಗಳು ಇದ್ದೇ ಇವೆ. ನಾವು ಉದ್ಯಾನದ ಹೊರಗೆ ತಿಂಗಳುಗಟ್ಟಲೆ ತಂಗಿ, ಬೆಳಗಾಗುವ ಮೊದಲೇ ಟ್ರಕ್ಕಿನಲ್ಲಿ ಒಳಹೋಗುವುದೆಂದು ಒಪ್ಪಿಕೊಂಡಿದ್ದೇವೆ.

ಮುಂಗಡ ಕೊಟ್ಟಾಗಿದೆ, ಪೂರ್ತಿ ಹಣ ಇನ್ನೂ ಕೊಟ್ಟಿಲ್ಲ. ಮಾರಾಟಗಾರರಿಗೆ ಸಂಬಂಧವಿಲ್ಲದ ತಪಾಸಣೆಗಾರರೊಬ್ಬರು ಮುಂದಿನ ವಾರ ಬಂದು ಛಾವಣಿಯ ಅಂಚುಗಳನ್ನು, ನೀರು ತುಂಬಿದ ತೊಟ್ಟಿಗಳನ್ನು, ಎಲ್ಲಕ್ಕಿಂತ ಮುಖ್ಯವಾಗಿ ಕಿಂಗ್‌ಪಿನ್‌ನ ಸುತ್ತಲಿನ ಉಕ್ಕಿನ ಚೌಕಟ್ಟಿನ ಬೆಸುಗೆಗಳನ್ನು ನೋಡಲಿದ್ದಾರೆ. ಟ್ರಕ್ಕಿನ ಮೇಲಕ್ಕೆ ಚಾಚಿದ ಮುಂಭಾಗದ ಭಾರವೆಲ್ಲ ಅಲ್ಲಿ ಬೀಳುವುದರಿಂದ, ಚೌಕಟ್ಟು ಬಾಗುತ್ತಿದ್ದರೆ ಮಲಗುವ ಕೋಣೆಯ ಮೂಲೆಗಳಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಅವರ ವರದಿ ಕೈಸೇರುವವರೆಗೆ ಉಳಿದ ಚೆಕ್ಕಿಗೆ ಸಹಿ ಹಾಕುವುದಿಲ್ಲವೆಂದು ಮಾರಾಟಗಾರರಿಗೆ ಬರೆದು ತಿಳಿಸಿದ್ದೇವೆ.