ಜಿಪ್ಸಿ ಕಿಂಗ್ ಕೆಲಸದ ದಾಖಲೆ: ಮುಂದಿನ ಆಕ್ಸಲ್ ಮುಗಿಯಿತು, ತಳದ ತುಕ್ಕು ಬಾಕಿ

ಗಾಡಿ: ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್, 1298 ಸಿಸಿ, 16 ವಾಲ್ವ್ ಎಂಪಿಎಫ್‌ಐ. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ದುಡಿದದ್ದು. ಕೊಂಡಾಗ ಇದ್ದ ದೂರುಗಳು: 60 ಕಿ.ಮೀ. ವೇಗ ದಾಟಿದರೆ ಸ್ಟೀರಿಂಗ್ ನಡುಕ, ಹಿಂದಿನ ಎಡ ಬ್ರೇಕ್ ಹಿಡಿಯದಿರುವುದು, ಕ್ಲಚ್ ಬಿಟ್ಟಾಗ ಕೆಳಗಿನಿಂದ ಟಣ್ ಎಂಬ ಸದ್ದು, ಚಾಲಕನ ಕಾಲಡಿಯ ತಗಡಿನಲ್ಲಿ ತೂತು.

ಹಳೆಯ ಜಿಪ್ಸಿ ನೋಡಲು ಹೋದವರು ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳಿ ವ್ಯಾಪಾರ ಮುಗಿಸುತ್ತಾರೆ. ಆದರೆ ಈ ಗಾಡಿಯಲ್ಲಿ ಚಿಂತೆಗೆ ಕೊನೆಯ ಕಾರಣ ಎಂಜಿನ್. ಜಿ13ಬಿಬಿ ಎಂಜಿನ್ ಎಸ್ಟೀಮ್, ವರ್ಸಾಗಳಲ್ಲೂ ಇದ್ದುದರಿಂದ ಒಳಗಿನ ಎಷ್ಟೋ ಸಾಮಾನು ಸುಲಭವಾಗಿ ಸಿಗುತ್ತದೆ, ಕೈಯಾಡಿಸಿದ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ದುಡ್ಡು ತಿನ್ನುವುದು ಮುಂದಿನ ನಕಲ್‌ಗಳು (ಸ್ಟೀರಿಂಗ್ ಜೊತೆ ಚಕ್ರ ತಿರುಗಿಸುವ, ಆಕ್ಸಲ್ ತುದಿಯ ಕೀಲುಗಳು) ಮತ್ತು ತುಕ್ಕು. ಅದಕ್ಕೇ ಕೆಲಸ ಕೆಳಗಿನಿಂದ ಶುರುವಾಯಿತು.

ಮುಂದಿನ ನಕಲ್: ಮುಗಿದಿದೆ

ನಡುಕಕ್ಕೆ ಟೈರ್ ಬ್ಯಾಲೆನ್ಸ್, ಟೈ ರಾಡ್ ಎಂಡ್, ಸ್ಪ್ರಿಂಗ್ ಬುಶ್ ಎಲ್ಲವೂ ಕಾರಣವಾಗಬಹುದು. ಹಳೆಯ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಕಿಂಗ್‌ಪಿನ್ ಬೇರಿಂಗ್. ನಕಲ್ ತಿರುಗುವುದು ಈ ಪಿನ್ನಿನ ಮೇಲೆ. ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಪ್ಲೇ (ಸಡಿಲ ಅಲುಗಾಟ) ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಪ್ಲೇ ಮಾಯವಾದರೆ ದೋಷ ವೀಲ್ ಬೇರಿಂಗಿನದು, ಹಾಗೇ ಉಳಿದರೆ ಕಿಂಗ್‌ಪಿನ್ನಿನದು.

ಈ ಬೇರಿಂಗ್ ಪೂರ್ತಿ ಸುತ್ತುವುದೇ ಇಲ್ಲ. ನೇರ ರಸ್ತೆಯಲ್ಲಿ ಒಂದೇ ಜಾಗದಲ್ಲಿ ಪೆಟ್ಟು ತಿನ್ನುತ್ತಾ ರೇಸಿನಲ್ಲಿ (ಬೇರಿಂಗ್ ಕೂರುವ ಉಕ್ಕಿನ ಬಳೆ) ಗುಳಿ ಬೀಳಿಸುತ್ತದೆ. ನಕಲ್ ಗುಂಡಿನ ಹಿಂಭಾಗದ ಫೆಲ್ಟ್ ಹರಿದಿದ್ದರೆ ಕೆಸರು ನೀರು ಒಳಗೆ ಹೋಗುತ್ತದೆ. ಒಳಗಿನ ಆಕ್ಸಲ್ ಸೀಲ್ ಸೋತಿದ್ದರೆ ಡಿಫರೆನ್ಷಿಯಲ್ ಆಯಿಲ್ ಬಂದು ಗ್ರೀಸನ್ನು ತೆಳ್ಳಗೆ ಮಾಡಿ ಹೊರಗೆ ಸುರಿಸುತ್ತದೆ. ಗುಂಡಿನ ಮೇಲೆ ಕಪ್ಪು ಗಂಜಿಯಂಥ ಜಿಡ್ಡು ಕಂಡರೆ ಎರಡೂ ಆಗಿದೆ ಎಂದೇ ಲೆಕ್ಕ. ಈ ಗಾಡಿಯಲ್ಲಿ ಹಾಗೇ ಇತ್ತು.

ಇಂಥ ಗಾಡಿಗೆ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿ ನಡುಕ ನಿಲ್ಲಿಸುವ ರೂಢಿ ಇದೆ. ಅದನ್ನು ಒಪ್ಪಬೇಡಿ. ಡ್ಯಾಂಪರ್ ಲಕ್ಷಣವನ್ನು ಮುಚ್ಚುತ್ತದೆ, ಬೇರಿಂಗ್ ಸವೆಯುತ್ತಲೇ ಇರುತ್ತದೆ.

ಬಿಚ್ಚುವ ಕ್ರಮ: ಆಕ್ಸಲ್ ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರ ತೆಗೆಯಿರಿ. ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ, ಬ್ರೇಕ್ ಹೋಸಿನಲ್ಲಿ ನೇತಾಡಲು ಬಿಡಬೇಡಿ. ಹಬ್, ಸ್ಪಿಂಡಲ್, ಆಮೇಲೆ ಆಕ್ಸಲ್ ಶಾಫ್ಟ್ ಹೊರಗೆ. ಟೈ ರಾಡ್ ಎಂಡನ್ನು ಪುಲ್ಲರ್‌ನಿಂದಲೇ ಬಿಡಿಸಿ, ಸುತ್ತಿಗೆಯಿಂದ ಹೊಡೆದರೆ ತ್ರೆಡ್ ಹಾಳು. ಮೇಲಿನ ಮತ್ತು ಕೆಳಗಿನ ಕಿಂಗ್‌ಪಿನ್‌ಗಳಿಗೆ ಗುರುತು ಹಾಕಿ, ಯಾವುದರ ಶಿಮ್ (ಅಡಿಯಲ್ಲಿಡುವ ತೆಳು ತಗಡು) ಯಾವುದು ಎಂದು ಬೇರೆಬೇರೆ ಕಟ್ಟಿಡಿ. ಹಳೆಯ ರೇಸ್‌ಗಳನ್ನು ಡ್ರಿಫ್ಟ್‌ನಿಂದ (ತಟ್ಟುವ ಲೋಹದ ಸಲಾಕೆ) ಸುತ್ತಲೂ ಸಮನಾಗಿ ತಟ್ಟಿ ತೆಗೆಯಿರಿ. ಹೊಸ ಬೇರಿಂಗನ್ನು ಹಳೆಯ ರೇಸಿನಲ್ಲಿ ಕೂರಿಸುವುದೆಂದರೆ ದುಡ್ಡು ನೀರಿಗೆ ಹಾಕಿದಂತೆ.

ಜೋಡಿಸುವಾಗ ಎಲ್ಲರೂ ಬಿಡುವ ಹೆಜ್ಜೆ ಪ್ರಿಲೋಡ್, ಅಂದರೆ ಬೇರಿಂಗಿನ ಬಿಗಿತದ ಅಳತೆ. ಹಿಂಭಾಗದ ಫೆಲ್ಟ್ ಮತ್ತು ರಬ್ಬರ್ ಸೀಲ್ ಹಾಕುವ ಮೊದಲು, ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. ನಕಲ್ ಅಲುಗಲು ಶುರುವಾಗುವಾಗ ತಕ್ಕಡಿ 1.0ರಿಂದ 1.8 ಕೆ.ಜಿ. ತೋರಿಸಬೇಕು. ಕಡಿಮೆ ಬಂದರೆ ಶಿಮ್ ತೆಗೆಯಿರಿ, ಹೆಚ್ಚು ಬಂದರೆ ಸೇರಿಸಿ. ಮೀನಿನಂಗಡಿಯ ಕೊಕ್ಕೆ ತಕ್ಕಡಿಯೂ ಸಾಕು. ಕೈಯಂದಾಜಿನಲ್ಲಿ ಬಿಗಿದ ನಕಲ್ ಒಂದೋ ಮತ್ತೆ ನಡುಗುತ್ತದೆ, ಇಲ್ಲವೇ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಕೊನೆಗೆ ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ವಾಲುವ ಅಳತೆ) 2ರಿಂದ 6 ಮಿ.ಮೀ. ಒಳಗೆ ಇಡಿ. ಎರಡೂ ಬದಿ ಒಟ್ಟಿಗೇ ಮಾಡಿಸಿ. ಇಲ್ಲಿ ಸಾಮಾನಿಗಿಂತ ಬಿಚ್ಚಿ ಕಟ್ಟುವ ಕೂಲಿಯೇ ದೊಡ್ಡದು.

ಹಿಂದಿನ ಆಕ್ಸಲ್: ಮುಗಿದಿದೆ

ಬ್ರೇಕ್ ಹಿಡಿಯದ ಕಾರಣ ಡ್ರಮ್ ತೆಗೆದ ಕೂಡಲೇ ಕಂಡಿತು: ಶೂಗಳು ಆಕ್ಸಲ್ ಆಯಿಲ್‌ನಲ್ಲಿ ನೆನೆದಿದ್ದವು. ಸೀಲ್ ಬದಲಿಸುವ ಮೊದಲು ಹೌಸಿಂಗ್ ಮೇಲಿನ ಬ್ರೀದರ್ ಬಿಚ್ಚಿ ನೋಡಿ. ಅದು ಕೆಸರಿನಿಂದ ಕಟ್ಟಿದ್ದರೆ ಬಿಸಿಯಾದ ಗಾಳಿಗೆ ದಾರಿಯಿಲ್ಲದೆ ಆಯಿಲ್ ಸೀಲಿನ ಮೂಲಕವೇ ಹೊರಬರುತ್ತದೆ, ಹೊಸ ಸೀಲೂ ಬಾಳುವುದಿಲ್ಲ. ಹಿಂದಿನ ಬೇರಿಂಗನ್ನು ಶಾಫ್ಟಿನ ಮೇಲೆ ಹಿಡಿದಿರುವ ರಿಟೈನರ್ ರಿಂಗನ್ನು ಗ್ರೈಂಡರಿನಿಂದ ತೆಳುಮಾಡಿ ಚಾಣದಿಂದ ಸೀಳಬೇಕು. ಶಾಫ್ಟಿಗೆ ಗೀರು ಬೀಳಬಾರದು. ಹೊಸ ರಿಂಗನ್ನು ಪ್ರೆಸ್‌ನಲ್ಲೇ ಕೂರಿಸಿ, ಹಳೆಯದನ್ನು ಮತ್ತೆ ಬಳಸುವಂತಿಲ್ಲ. ಎಣ್ಣೆ ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಿದರೆ ಬಿಸಿಯಾದಾಗ ಮತ್ತೆ ಎಣ್ಣೆ ಬಿಡುತ್ತವೆ. ಹೊಸ ಸೆಟ್ಟೇ ಬೇಕು.

ಟ್ರಾನ್ಸ್‌ಫರ್ ಕೇಸ್, ಜಾಯಿಂಟ್ ಶಾಫ್ಟ್: ಮುಗಿದಿದೆ

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಚಿಕ್ಕ ಜಾಯಿಂಟ್ ಶಾಫ್ಟ್ ಇದೆ, ಕೇಸ್ ರಬ್ಬರ್ ಮೌಂಟ್‌ಗಳ ಮೇಲೆ ತೂಗುತ್ತದೆ. ಟಣ್ ಸದ್ದು ಬಂದದ್ದು ಹರಿದ ಮೌಂಟ್ ಮತ್ತು ಆ ಚಿಕ್ಕ ಶಾಫ್ಟಿನ ಸವೆದ ಕ್ರಾಸ್‌ನಿಂದ (ಶಾಫ್ಟಿನ ಕೀಲಿನ ಕೂಡುಭಾಗ). ಕ್ರಾಸ್‌ಗಳಿಗೆ ಗ್ರೀಸ್ ಹೊಡೆಯುವಾಗ ಹಳೆಯದು ನಾಲ್ಕೂ ಬಾಯಿಂದ ಹೊರಬರುವವರೆಗೆ ಹೊಡೆಯಿರಿ.

ಸೆಂಟರ್ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ಇಲ್ಲದ ಗಾಡಿ ಇದು. ಒಣ ಡಾಂಬರಿನಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಸ್ಥಾನ) ಹಾಕಿ ತಿರುಗಿಸಿದರೆ ಶಾಫ್ಟ್‌ಗಳು ಬಿಗಿದುಕೊಂಡು ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಬಲ ಹಾಕಬೇಡಿ, ನೇರವಾಗಿ ಸ್ವಲ್ಪ ರಿವರ್ಸ್ ಹೋದರೆ ಬಿಡುತ್ತದೆ.

ಆಯಿಲ್ ಲೆಕ್ಕ: ಗೇರ್‌ಬಾಕ್ಸ್ 1.3 ಲೀಟರ್, ಟ್ರಾನ್ಸ್‌ಫರ್ ಕೇಸ್ 0.8, ಮುಂದಿನ ಡಿಫರೆನ್ಷಿಯಲ್ 2.0, ಹಿಂದಿನದು 1.5. ಒಟ್ಟು 5.6 ಲೀಟರ್. ಡಿಫರೆನ್ಷಿಯಲ್‌ಗಳಿಗೆ ಜಿಎಲ್-5 ದರ್ಜೆಯ ಆಯಿಲ್, ಗೇರ್‌ಬಾಕ್ಸಿಗೆ ಜಿಎಲ್-4. ಜಿಎಲ್-5ರ ರಾಸಾಯನಿಕಗಳು ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಒಳ್ಳೆಯದಲ್ಲ. ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ಜಾಮ್ ಆಗಿದ್ದರೆ ಆಯಿಲ್ ಖಾಲಿ ಮಾಡಿ ಗಾಡಿ ನಿಲ್ಲಿಸಿಕೊಂಡು ಕೂರಬೇಕಾಗುತ್ತದೆ. ಹೊಳೆ ದಾಟಿದ ಗಾಡಿಯಲ್ಲಿ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ನೀರು ಹೋಗಿದೆ, ತಡಮಾಡದೆ ಬದಲಿಸಿ.

ಎಂಜಿನ್: ಸಣ್ಣ ಕೆಲಸ, ಮುಗಿದಿದೆ

ದಾಖಲೆ ಇಲ್ಲದ ಗಾಡಿಯಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಿಯೇ ಓಡಿಸಬೇಕು. ಜೊತೆಗೆ ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕ್ ಮತ್ತು ಕ್ಯಾಮ್ ಸೀಲ್. ಏರಿನಲ್ಲಿ ಎಂಜಿನ್ ಉಸಿರುಗಟ್ಟಿದರೆ ಸೆನ್ಸರ್‌ಗಳನ್ನು ಬದಲಿಸುವ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ನೋಡಿ, ಒಳಗಿನ ತುಕ್ಕಿನ ಪುಡಿ ಫಿಲ್ಟರ್ ಕಟ್ಟಿಸಿರುತ್ತದೆ.

ತುಕ್ಕು ಮತ್ತು ಕಾಗದ: ನಡೆಯುತ್ತಿದೆ

ಮೈಲೇಜ್ ಲೀಟರಿಗೆ 10 ಕಿ.ಮೀ. ಎಂದು ಹಿಡಿಯಿರಿ, 40 ಲೀಟರ್ ಟ್ಯಾಂಕಿಗೆ 400 ಕಿ.ಮೀ. ಪೆಟ್ರೋಲ್ ನೂರು ರೂಪಾಯಿ ದಾಟಿರುವಾಗ ಕಿಲೋಮೀಟರಿಗೆ ಹತ್ತು ರೂಪಾಯಿಗೆ ಕಡಿಮೆಯಿಲ್ಲ. ಇದು ಗೊತ್ತಿರುವ ಖರ್ಚು. ಗೊತ್ತಾಗದೆ ಬರುವುದು ಆರ್‌ಸಿಯದು. 15 ವರ್ಷ ತುಂಬಿದ ಮೇಲೆ ಫಾರಂ 25ರಲ್ಲಿ ಐದೈದು ವರ್ಷಕ್ಕೆ ನವೀಕರಣ. ಕಾರುಗಳಿಗೆ ಅದರ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು, ತಡವಾದರೆ ತಿಂಗಳಿಗೆ 500 ದಂಡ. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಿಂದ 10,000. ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ ಮತ್ತು ಕರ್ನಾಟಕದ ಜೀವಾವಧಿ ತೆರಿಗೆಯನ್ನು ಸೇರಿಸಿಯೇ ಬೆಲೆ ಮಾತಾಡಿ. ಎತ್ತರಿಸಿದ ಸಸ್ಪೆನ್ಷನ್, ದೊಡ್ಡ ಟೈರ್ ಇರುವ ಗಾಡಿ ಚೆಂದ ಕಾಣುತ್ತದೆ, ಆದರೆ ಆರ್‌ಸಿಯಲ್ಲಿಲ್ಲದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ.

ತಪಾಸಣೆಯಲ್ಲಿ ಚಾಸಿ ನಂಬರ್ ಓದಲು ಬರಬೇಕು. ಆ ಜಾಗವನ್ನು ಗ್ರೈಂಡರಿನಿಂದ ಮುಟ್ಟಬೇಡಿ. ವೈರ್ ಬ್ರಷ್ ಮತ್ತು ಸೀಮೆಎಣ್ಣೆಯಿಂದ ಮೆಲ್ಲಗೆ ಉಜ್ಜಿ, ಮೇಲೆ ತೆಳ್ಳಗೆ ಗ್ರೀಸ್ ಸವರಿ.

ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದಾಗ ಹಿಂದಿನ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಹಿಡಿಯುವ ಕೊಂಡಿ) ಹ್ಯಾಂಗರ್ ಬಳಿ ಸದ್ದು ಮಂದವಾಯಿತು. ಅಲ್ಲಿ ಲೋಹ ಪದರ ಪದರವಾಗಿ ಎದ್ದಿದೆ. ಮುಂದಿನ ಕೆಲಸ: ಕೊಳೆತ ಭಾಗ ಕತ್ತರಿಸಿ ಹೊಸ ಪ್ಲೇಟ್ ವೆಲ್ಡಿಂಗ್. ಅದಕ್ಕೆ ಮೊದಲು ಬ್ಯಾಟರಿ ಕನೆಕ್ಷನ್ ಬಿಚ್ಚಬೇಕು, ಪೆಟ್ರೋಲ್ ಟ್ಯಾಂಕ್ ಇಳಿಸಬೇಕು. ಶ್ಯಾಕಲ್‌ಗೆ ಹೊಸ ಬುಶ್ ಹಾಕಿ ಗಾಡಿಯ ಭಾರ ಚಕ್ರಗಳ ಮೇಲೆ ಬಂದ ನಂತರವೇ ಬೋಲ್ಟ್‌ಗಳ ಕೊನೆಯ ಬಿಗಿತ. ಎತ್ತಿಟ್ಟಾಗಲೇ ಬಿಗಿದರೆ ಇಳಿಸಿದಾಗ ಬುಶ್ ತಿರುಚಿ ಹರಿಯುತ್ತದೆ. ಕಾಲಡಿಯ ತಗಡು ಅದರ ನಂತರ.